ಮಣ್ಣಿಗೆ ಬರುವವರು

ಮರ್ಫಿ ಟೌನಿನ ಯಾವ ಮನೆಯಲ್ಲಿ ಸಾವಾದರೂ ಮೊದಲ ಫೋನು ಬರುತ್ತಿದ್ದುದು ಶ್ರೀರಾಮಪ್ಪನಿಗೆ. ಸತ್ತವರ ತಮ್ಮ ಮಾಲೂರಿನಲ್ಲೋ ಮಗಳು ಹೊಸಕೋಟೆಯಲ್ಲೋ ಇದ್ದರೆ ಅವರಿಗೆ ತಿಳಿಯುತ್ತಿದ್ದುದು ಆಮೇಲೆ. ಅವನು ಯಾವ ಹೊತ್ತಾದರೂ ಎದ್ದು ಹೋಗುತ್ತಿದ್ದ. ಶಿವಾಜಿನಗರದ ಅಮೀರನಿಗೆ ಹೇಳಿ ಶಾಮಿಯಾನ, ಕುರ್ಚಿ ತರಿಸುತ್ತಿದ್ದ. ಹೆಣ ಇಟ್ಟುಕೊಳ್ಳಬೇಕಾಗಿ ಬಂದರೆ ಐಸ್ ಪೆಟ್ಟಿಗೆಯೂ ಅಮೀರನ ಹತ್ತಿರವೇ ಇತ್ತು. ಹಿಂದಿನ ಬೀದಿಯ ಏಳುಮಲೈಗೆ ತಮಟೆಯವರನ್ನು ಕೂಡಿಸಲು ಹೇಳಿ, ಕಲ್ಪಳ್ಳಿ ಸ್ಮಶಾನದಲ್ಲಿ ಗುಂಡಿ ತೋಡುವವರಿಗೆ ಸುದ್ದಿ ಮುಟ್ಟಿಸಿ, ಎಲ್ಲ ಆದಮೇಲೆ ಚಂದ್ರಶೇಖರಯ್ಯನವರಿಗೆ ಫೋನು ಮಾಡುತ್ತಿದ್ದ.

ಚಂದ್ರಶೇಖರಯ್ಯನವರು ಬಂದೇ ಬರುತ್ತಿದ್ದರು. ಹಲಸೂರಿನ ಹಳೆಯ ಮನೆತನದವರು, ಹಿಂದೆ ಕಾರ್ಪೊರೇಟರ್ ಆಗಿದ್ದವರು. ಸಾವಿನ ಮನೆಯಲ್ಲಿ ಕುರ್ಚಿ ಹಾಕಿದರೆ ಕೂರುತ್ತಿರಲಿಲ್ಲ. ಮನೆಯವರ ಜೊತೆ ನೆಲದ ಮೇಲೆ ಕೂತು, ಏನಾಗಿತ್ತು, ಊಟ ಮಾಡ್ತಿದ್ರಾ, ಕೊನೇಲಿ ಯಾರು ಹತ್ರ ಇದ್ರು ಎಂದು ಮೆಲ್ಲಗೆ ಕೇಳುತ್ತಿದ್ದರು. ಹೆಣ ಎತ್ತಿದ ಮೇಲೆ ಚಟ್ಟದ ಮುಂದೆ ಕೈಮುಗಿದುಕೊಂಡು ಕಲ್ಪಳ್ಳಿಯವರೆಗೆ ನಡೆಯುತ್ತಿದ್ದರು. ನೆಂಟರೆಲ್ಲ ಮಣ್ಣು ಹಾಕಿದ ಮೇಲೆ ತಾವೂ ಒಂದು ಹಿಡಿ ಹಾಕಿ ಕೈಕಾಲು ತೊಳೆದುಕೊಂಡು ಹೋಗುತ್ತಿದ್ದರು. ಭಾಷಣ ಅವರಿಗೆ ಬರುತ್ತಿರಲಿಲ್ಲ. ಮೈಕು ಹಿಡಿದರೆ ಎರಡು ಮಾತಾಡಿ ಕೆಳಗಿಡುತ್ತಿದ್ದರು. ಮರ್ಫಿ ಟೌನು, ಹಲಸೂರು, ಬೈಯಪ್ಪನಹಳ್ಳಿಯ ಜನ ಅವರಿಗೆ ಓಟು ಹಾಕುತ್ತಿದ್ದುದು ಈ ನಡಿಗೆಗೆ. ಅದು ಅವರಿಗೂ ಗೊತ್ತಿತ್ತು, ಜನರಿಗೂ ಗೊತ್ತಿತ್ತು. ಹಾಗೆಂದು ಆ ನಡಿಗೆ ಸುಳ್ಳಾಗಿರಲಿಲ್ಲ. ಚುನಾವಣೆ ಇಲ್ಲದ ವರ್ಷಗಳಲ್ಲೂ ಅವರು ನಡೆದಿದ್ದರು.

ಹಿಂದಿನ ವಿಧಾನಸಭೆ ಚುನಾವಣೆಯಲ್ಲಿ ಅವರು ತೀರ ಕಡಿಮೆ ಓಟಿನಲ್ಲಿ ಸೋತಿದ್ದರು. ಈ ಸಲ ಪಕ್ಷ ಮತ್ತೆ ಟಿಕೆಟ್ ಕೊಟ್ಟಿತ್ತು. ಈ ಸಲವೂ ಗೆಲ್ಲುವವರು ಯಾರೆಂದು ಹೇಳಲಾಗದ ಸ್ಥಿತಿಯೇ ಇತ್ತು. ಇಡೀ ರಾಜ್ಯದಲ್ಲಿ ಎರಡು ಕಡೆಯೂ ಸರಿಸಮ ತೂಗುತ್ತಿದ್ದುದರಿಂದ ದಿಲ್ಲಿಯ ನಾಯಕರೇ ಬೆಂಗಳೂರಿಗೆ ಬಂದು ಕೆಲವು ಕ್ಷೇತ್ರಗಳಲ್ಲಿ ರೋಡ್‌ಶೋ ಮಾಡುತ್ತಾರೆ, ನಿಮ್ಮದನ್ನೂ ಸೇರಿಸಬಹುದು, ಬೇಕೋ ಬೇಡವೋ ಬೇಗ ಹೇಳಿ ಎಂದು ರಾಜ್ಯ ಕಚೇರಿಯಿಂದ ಕೇಳಿದ್ದರು.

ಹಲಸೂರಿನ ಬಜಾರ್ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ಅವರ ಚುನಾವಣಾ ಕಚೇರಿ. ಅಲ್ಲಿ ಅಂದು ಸಂಜೆ ನಾಲ್ವರೇ ಕೂತಿದ್ದರು. ಚಂದ್ರಶೇಖರಯ್ಯನವರು, ಶ್ರೀರಾಮಪ್ಪ, ಅಮೀರ್, ಮತ್ತೆ ರಾಜ್ಯ ಕಚೇರಿ ಈ ಕ್ಷೇತ್ರಕ್ಕೆಂದು ಕಳಿಸಿದ್ದ ಗೌತಮಿ. ಗೌತಮಿ ರಾಣೆಬೆನ್ನೂರಿನ ಕಡೆಯ ಹುಡುಗಿ. ಜೀವನ್ ಬಿಮಾ ನಗರದಲ್ಲಿ ಅಕ್ಕನ ಮನೆಯಲ್ಲಿದ್ದು ಕಂಪನಿ ಕೆಲಸಕ್ಕೆ ಹೋಗುತ್ತಿದ್ದವಳು, ಚುನಾವಣೆಗೆಂದು ರಜೆ ಹಾಕಿ ಬಂದಿದ್ದಳು.

"ಕರಸೂದ ಛಲೋ ಸರ್," ಎಂದಳು ಗೌತಮಿ. "ಮರ್ಫಿ ಟೌನ್ ನಿಮ್ಮದ ಐತಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ಇಂದಿರಾನಗರದಾಗ ನಿಮ್ಮ ಹೆಸರು ಹೇಳಿದ್ರ ಯಾರವರು ಅಂತ ಕೇಳ್ತಾರ್ರೀ. ನಮ್ಮ ಅಕ್ಕನ ಬಿಲ್ಡಿಂಗ್‌ನಾಗ ಯಾರರ ಸತ್ರ ನಿಮಗ ಫೋನ್ ಬರ್ತದೇನು? ಗೇಟ್ ಒಳಗ ಬರಾಕ ಸೆಕ್ಯುರಿಟಿನ್ನ ಕೇಳ್ಬೇಕು ನೀವು. ಅವರಿಗೆ ಗೊತ್ತಿರೂದು ದಿಲ್ಲಿಯವರ ಮುಖ ಒಂದ."

"ಅರೆ ಅಮ್ಮಾ, ಅದೇ ತೊಂದ್ರೆ," ಎಂದ ಅಮೀರ್. "ಇವತ್ತು ಎಲ್ಲಾರೂ ಏನು ಕೇಳ್ತಾವ್ರೆ? ಚಂದ್ರಣ್ಣ ಒಳ್ಳೆಯೋರಾ, ಆ ಕಡೆಯವ್ನು ಒಳ್ಳೆಯವ್ನಾ. ಅವ್ರು ಬಂದು ಹೋದ ಮಾರನೇ ದಿನ ದಿಲ್ಲಿ ಬೇಕಾ ಬೇಡ್ವಾ ಅಂತ ಕೇಳ್ತಾರೆ. ನಮ್ ಗಲ್ಲೀ ಮೋರಿ ಎಲ್ಲಿ ಹೋಯ್ತು, ನೀರು ಎಲ್ಲಿ ಹೋಯ್ತು? ನಾನು ಶಿವಾಜಿನಗರದಲ್ಲಿ ಚಂದ್ರಣ್ಣ ಅಂದ್ರೆ ಹತ್ತು ಜನ ಕೇಳ್ತಾರೆ. ದಿಲ್ಲಿ ಅಂದ್ರೆ ಅರ್ಧ ಜನ ಎದ್ದು ಹೋಗ್ತಾರೆ."

"ಆ ಕಡೆಯವರು ತಮ್ಮ ದೊಡ್ಡವ್ರನ್ನ ಕೆ.ಆರ್. ಪುರಂಗೆ ಕರಸಾಕತ್ತಾರ. ನಾವು ಕರಸದಿದ್ರ ಹೆದರಿದ್ರು ಅಂತಾರ."

"ಅವರ್ದು ಅವ್ರು ಮಾಡ್ಕೊಳ್ಳಿ. ಅವ್ರು ಬಾವಿಗೆ ಬೀಳ್ತಾವ್ರೆ ಅಂತ..."

"ಅಣ್ಣಾರ, ಅವರು ಬಾವಿಗೆ ಬೀಳಾಕತ್ತಿಲ್ಲ. ಗೆಲ್ಲಾಕತ್ತಾರ."

ಚಂದ್ರಶೇಖರಯ್ಯನವರು ಕಿಟಕಿಯಾಚೆ ನೋಡುತ್ತಿದ್ದರು. ಅವರಿಗೆ ದಿಲ್ಲಿಯವರ ಪಕ್ಕದಲ್ಲಿ ನಿಲ್ಲುವುದೆಂದರೇ ಹಿಂಜರಿಕೆ. ಸೋಲುವುದೆಂದರೂ ಈಗ ಹೆದರಿಕೆ. ವಯಸ್ಸು ಅರವತ್ತೈದು ದಾಟಿತ್ತು, ಇದು ಹೋದರೆ ಇನ್ನೊಂದು ಸಲ ಯಾರೂ ಕೇಳುವುದಿಲ್ಲ.

"ನೀನೇನಂತೀಯೋ ಶ್ರೀರಾಮ?"

ಶ್ರೀರಾಮಪ್ಪ ತಡಮಾಡಲಿಲ್ಲ. "ಬರ್ಲಿ ಅಣ್ಣ. ಹೋದ ಸಲ ಎಣಿಕೆ ದಿನ ನಿಮ್ಮ ಮುಖ ನೋಡಕ್ಕಾಗ್ಲಿಲ್ಲ ನಂಗೆ. ಇನ್ನೊಂದ್ಸಲ ಆಗಲ್ಲ. ಒಂದಿನ ಬಂದು ಹೋಗ್ತಾರೆ, ಆಮೇಲೆ ನೀವಿದೀರ ನಾವಿದೀವಿ."

"ಇವನಿಗೆ ದಿಲ್ಲಿಯೋರ ಜೊತೆ ಫೋಟೋ ಬೇಕು, ನೆಟ್ಟಗೆ ಹೇಳಲ್ಲ ನನ್ಮಗ," ಎಂದ ಅಮೀರ್. ಎಲ್ಲರೂ ನಕ್ಕರು. ಚಂದ್ರಶೇಖರಯ್ಯನವರು ನಗುತ್ತಲೇ, "ಆಯ್ತಮ್ಮ, ಬರ್ಲಿ ಅಂತ ಹೇಳು," ಎಂದರು.

ನಾಯಕರ ಗಾಡಿಯ ಮುಂದೆ ಈ ಸೀಮೆಯ ವಾದ್ಯ ಇರಬೇಕು, ಟೀವಿಯಲ್ಲಿ ಚೆನ್ನಾಗಿ ಕಾಣಬೇಕು ಎಂದು ಗೌತಮಿ ಹೇಳಿದಾಗ ಆ ಕೆಲಸವನ್ನು ಶ್ರೀರಾಮಪ್ಪ ತಾನೇ ವಹಿಸಿಕೊಂಡ. ಸಾಲದ್ದಕ್ಕೆ ಅವನಿಗೊಂದು ಉಪಾಯವೂ ಹೊಳೆಯಿತು. ಮರ್ಫಿ ಟೌನಿನ ತಮಟೆಯವರನ್ನಷ್ಟೇ ಅಲ್ಲದೆ ಬೈಯಪ್ಪನಹಳ್ಳಿ, ಕೆ.ಆರ್. ಪುರಂ, ಹಲಸೂರು ಕೆರೆ ಕಡೆಯವರನ್ನೂ ನಾಯಕರು ಬರುವ ಶುಕ್ರವಾರಕ್ಕೆ ಗೊತ್ತು ಮಾಡಿಬಿಟ್ಟ. ಎದುರು ಪಕ್ಷದವರಿಗೆ ಅಂದು ಒಂದು ತಮಟೆಯೂ ಸಿಗಬಾರದು ಎಂಬುದು ಅವನ ಲೆಕ್ಕ. ಏಳುಮಲೈ ತಲೆ ಕೆರೆದುಕೊಂಡ.

"ಎಲ್ಲಾರ್ನೂ ತಕೊಂಡ್ಬಿಟ್ರೆ ಹೆಂಗಣ್ಣಾ? ಆವತ್ತು ಯಾರಾದ್ರೂ ಪೋಯಿಟ್ರೆ ಬಾರ್ಸೋರು ಯಾರು?"

"ಒಂದು ದಿನ ತಾನೇ ಕಣೋ. ಶುಕ್ರವಾರ ಯಾರೂ ಸಾಯ್ಬೇಡಿ ಅಂತ ಬೀದೀಲಿ ಸಾರಿಸ್ಬಿಡ್ತೀನಿ ಬಿಡು."

ಅವನ ತಾಯಿ ಜಟ್ಟೆಮ್ಮ ಆಗ ಮನೆಯ ಮುಂದಿನ ಮಂಚದ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಮಲಗಿದ್ದಳು. ಮಾಲೂರಿನ ಆಚೆಯ ಹಳ್ಳಿಯಿಂದ ಗಂಡನ ಜೊತೆ ಬಂದು ಹಲಸೂರು ಮಾರ್ಕೆಟ್ಟಿನಲ್ಲಿ ದಂಟು, ಕೀರೆ, ಸಬ್ಬಸಿಗೆ ಮಾರಿ ಮಗನನ್ನು ಸಾಕಿದ ಹೆಂಗಸು. ಸೊಪ್ಪಿನ ಬುಟ್ಟಿ ಇಳಿಸಿ ಹಲವು ವರ್ಷವಾಗಿದ್ದರೂ ಬೀದಿಯ ಸಾವುಗಳಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಆದರೆ ಚಳಿಗಾಲದಿಂದ ಈಚೆಗೆ ಉಸಿರು ಕಟ್ಟುತ್ತಿತ್ತು. ಮಲಗಿದವಳಿಗೆ ಮೇಲೆ ಏಳಲಾಗುತ್ತಿರಲಿಲ್ಲ.

"ಯಾರಂತಪ್ಪಾ ಬರೋದು?" ಎಂದು ಕೇಳಿದಳು. ಶ್ರೀರಾಮಪ್ಪ ಹೇಳಿದ.

"ಬಂದು ಏನ್ಮಾಡ್ತಾರೆ?"

"ಗಾಡಿ ಮೇಲೆ ನಿಂತ್ಕೊಂಡು ಕೈ ಬೀಸ್ತಾರೆ."

"ಇಳಿಯಲ್ವಾ?"

"ಅವ್ರು ಯಾಕಮ್ಮ ಇಳೀತಾರೆ, ಅಷ್ಟು ದೊಡ್ಡೋರು."

"ಇಳೀದಿದ್ರೆ ಬಂದಂಗೆ ಹೆಂಗಾಯ್ತೋ?" ಎಂದು ಮುದುಕಿ ಮಗ್ಗುಲಾದಳು.

ಶುಕ್ರವಾರ ಬೆಳಿಗ್ಗೆ ಶ್ರೀರಾಮಪ್ಪ ಓಲ್ಡ್ ಮದ್ರಾಸ್ ರಸ್ತೆಯಲ್ಲಿ ತಮಟೆಯವರನ್ನು ಸಾಲು ನಿಲ್ಲಿಸುತ್ತಿದ್ದಾಗ ಹೆಂಡತಿ ಮುನಿಯಲ್ಲಮ್ಮನ ಫೋನು ಬಂತು. ಅವಳು ಅಳುತ್ತಿರಲಿಲ್ಲ. "ಬನ್ನಿ. ಅತ್ತೆ ಹೋಗ್ಬಿಟ್ರು," ಎಂದಳು, ಅಷ್ಟೇ.

ಮನೆಗೆ ಬರುವ ಹೊತ್ತಿಗೆ ತಾಯಿಯನ್ನು ಒಳಗೆ ನಡುಮನೆಯಲ್ಲಿ ತೆಂಕಲಿಗೆ ತಲೆ ಮಾಡಿ ಮಲಗಿಸಿ ಹತ್ತಿರ ದೀಪ ಹಚ್ಚಿದ್ದರು. ಗಲ್ಲಕ್ಕೆ ಬಟ್ಟೆ ಕಟ್ಟಿದ್ದರು. ರಾಗಿ ಗಂಜಿ ಕುಡಿಸಿ ಲೋಟ ತೊಳೆಯಲು ಹೋಗಿ ಬರುವುದರೊಳಗೆ ಉಸಿರು ನಿಂತಿತ್ತು ಎಂದು ಮುನಿಯಲ್ಲಮ್ಮ ಹೇಳಿದಳು. ಶ್ರೀರಾಮಪ್ಪ ತಾಯಿಯ ಪಾದದ ಹತ್ತಿರ ಕೂತ. ಎಷ್ಟೋ ಮನೆಗಳಲ್ಲಿ ಹೀಗೆ ಕೂತವರ ಹೆಗಲು ಮುಟ್ಟಿ ಎಬ್ಬಿಸಿ ಮುಂದಿನ ಕೆಲಸಕ್ಕೆ ಹಚ್ಚಿದವನು ಅವನು. ಇಂದು ಅವನನ್ನು ಎಬ್ಬಿಸಲು ಯಾರಿಗೂ ಕೈಬರಲಿಲ್ಲ. ಕೊನೆಗೆ ಪಕ್ಕದ ಮನೆಯ ಮುದುಕಿಯೇ ಹೇಳಿದಳು.

"ಏಳಪ್ಪ. ಇವತ್ತು ಶುಕ್ರವಾರ. ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು. ನಾಳೆಗೆ ಇಟ್ಕೊಬೇಡ."

ಅವರಲ್ಲಿ ಶನಿವಾರ ಹೆಣ ಎತ್ತುವುದಿಲ್ಲ. ಶನಿವಾರ ಮಣ್ಣಾದವರು ಮನೆಯಿಂದ ಇನ್ನೊಬ್ಬರನ್ನು ಜೊತೆಗೆ ಕರೆಯುತ್ತಾರೆಂಬ ಭಯ. ಎತ್ತಲೇಬೇಕಾಗಿ ಬಂದರೆ ಚಟ್ಟಕ್ಕೆ ಕೋಳಿಮರಿ ಕಟ್ಟಿ ಜೊತೆಗೆ ಕಳಿಸುತ್ತಾರೆ. ಆದರೂ ಆ ಮನೆಯ ಹೆಂಗಸರು ಮುಂದೆ ಒಂದು ವರ್ಷ ಯಾರಿಗೆ ಜ್ವರ ಬಂದರೂ ಬೆಚ್ಚುತ್ತಾರೆ. ಹೊತ್ತು ಮುಳುಗಿದ ಮೇಲೂ ಎತ್ತುವಂತಿಲ್ಲ. ಸಂಜೆಯೊಳಗೆ ಆಗಬೇಕು. ಅದಕ್ಕೆ ಇಡೀ ದಿನ ಇತ್ತು.

ಅಮೀರ್ ಶಾಮಿಯಾನ ಹಾಕಿಸಿದ. ಕಲ್ಪಳ್ಳಿಯಲ್ಲಿ ಗುಂಡಿಗೆ ಹೇಳಿ ಆಯಿತು. ಮಾಲೂರಿನಿಂದ ನೆಂಟರು ಹೊರಟರು. ಶ್ರೀರಾಮಪ್ಪ ಚಂದ್ರಶೇಖರಯ್ಯನವರಿಗೆ ಫೋನು ಮಾಡಿದ. ಸುತ್ತಲೂ ಗದ್ದಲ ಕೇಳುತ್ತಿತ್ತು.

"ಅಯ್ಯೋ, ಜಟ್ಟೆಮ್ಮನಾ?" ಎಂದರು. "ನಮ್ಮ ಮನೆಗೆ ಸೊಪ್ಪು ಹಾಕಿದ ಕೈ ಕಣೋ ಅದು. ನೋಡು ಶ್ರೀರಾಮ, ಒಂದು ಗಂಟೆಗೆ ಅವರು ಬರ್ತಾರೆ, ಎರಡಕ್ಕೆಲ್ಲ ನಮ್ಮ ಗಡಿ ದಾಟ್ತಾರೆ. ಮೂರಕ್ಕೆ ನಿನ್ನ ಮನೆ ಮುಂದೆ ಇರ್ತೀನಿ. ನಾನು ಬರೋಗಂಟ ಎತ್ತಬೇಡ. ನಿಮ್ಮಮ್ಮನ್ನ ನಾನೇ ಮುಂದೆ ನಡೆದು ಕಳಿಸ್ಕೊಡ್ತೀನಿ."

"ಆಗ್ಲಣ್ಣ," ಎಂದ ಶ್ರೀರಾಮಪ್ಪ.

ಹನ್ನೆರಡು ಹೊಡೆಯುವ ಹೊತ್ತಿಗೆ ಅಮೀರ್ ರಸ್ತೆಯ ಕಡೆಯಿಂದ ಬೇಗ ಬೇಗ ಬಂದ. ಅಲ್ಲಿ ಬ್ಯಾರಿಕೇಡ್ ಹಾಕುತ್ತಿದ್ದರು. ಕಲ್ಪಳ್ಳಿಗೆ ಹೋಗಬೇಕಾದರೆ ಆ ರಸ್ತೆ ದಾಟಲೇಬೇಕು. ಗುರುತಿನ ಇನ್‌ಸ್ಪೆಕ್ಟರ್ ಒಬ್ಬರನ್ನು ಅವನು ಕೇಳಿಕೊಂಡು ಬಂದಿದ್ದ.

"ಶ್ರೀರಾಮ್ ಭಾಯ್, ಈಗಲೇ ಆದ್ರೆ ದಾಟಿಸ್ತಾರಂತೆ. ವ್ಯಾನಲ್ಲಿ ಹಾಕ್ಕೊಂಡು, ಹತ್ತು ಜನ, ಸದ್ದಿಲ್ದಂಗೆ. ಇನ್ನರ್ಧ ಗಂಟೆ ಆದ್ಮೇಲೆ ಯಾರ್ನೂ ಬಿಡಲ್ಲ. ನಡಿ, ವ್ಯಾನ್ ನಾನು ತರಿಸ್ತೀನಿ."

"ವ್ಯಾನಲ್ಲಾ?"

"ಹೂಂ."

"ತಮಟೆ ಇಲ್ದೆ?"

"ತಮಟೆಯೋರೆಲ್ಲ ಅಲ್ಲಿ ನಿಂತಿದಾರಲ್ಲಪ್ಪಾ, ನೀನೇ ನಿಲ್ಸಿರೋದು."

ಮುನಿಯಲ್ಲಮ್ಮ ಬಾಗಿಲ ಹತ್ತಿರ ಬಂದು, "ಹೋಗಿಬಿಡಾನ ಕಣ್ರೀ. ಅತ್ತೆ ಏನ್ ಎದ್ದು ಕೇಳ್ತಾರಾ, ತಮಟೆ ಎಲ್ಲಿ ಅಂತ?" ಎಂದಳು.

"ಮಾಲೂರೋರು ಬಂದಿಲ್ಲ ಇನ್ನೂ."

"ಅವರೂ ಅರ್ಥ ಮಾಡ್ಕೊತಾರೆ ಬಿಡಿ."

"ಚಂದ್ರಣ್ಣ ಬರ್ತೀನಿ ಅಂದವ್ರೆ."

ಈ ಬೀದಿಯ ಕೂಲಿಯವರ, ಕುಡುಕರ, ಗುರುತು ಪರಿಚಯವಿಲ್ಲದೆ ಬಾಡಿಗೆಗಿದ್ದವರ ಹೆಣಗಳ ಮುಂದೆ ಕೂಡ ಆ ಮನುಷ್ಯ ಕೈಮುಗಿದು ನಡೆದಿದ್ದರು. ಕರೆದುಕೊಂಡು ಬಂದವನು ಇವನೇ. ತನ್ನ ತಾಯಿಯೊಬ್ಬಳು ಮಾತ್ರ ಕದ್ದ ಸಾಮಾನಿನ ಹಾಗೆ ವ್ಯಾನಿನಲ್ಲಿ ಹೋಗಬೇಕೆ ಎಂಬುದು ಅವನ ಹೊಟ್ಟೆಯೊಳಗಿನ ಮಾತು. ಅಮೀರ್ ಅವನ ಮುಖವನ್ನೇ ನೋಡಿ, "ಮೂರಕ್ಕೆ ತಾನೇ, ಸರಿ," ಎಂದು ಕುರ್ಚಿ ಎಳೆದು ಕೂತ.

ಒಂದು ಗಂಟೆಯಾಯಿತು. ಎರಡಾಯಿತು. ನಾಯಕರ ವಿಮಾನ ಇನ್ನೂ ಹಳೆಯ ಏರ್‌ಪೋರ್ಟಿನಲ್ಲಿ ಇಳಿದಿಲ್ಲ, ಬೇರೆ ರಾಜ್ಯದ ಸಭೆ ತಡವಾಯಿತಂತೆ ಎಂದು ಯಾರೋ ಹೇಳಿದರು. ಮಾಲೂರಿನ ನೆಂಟರ ಟೆಂಪೋವನ್ನು ಕೆ.ಆರ್. ಪುರಂನಲ್ಲಿ ತಡೆದಿದ್ದರು. ಅಲ್ಲಿ ಎದುರು ಪಕ್ಷದ ದೊಡ್ಡವರೂ ಅದೇ ಹೊತ್ತಿಗೆ ಬಂದಿದ್ದರು. ಶಾಮಿಯಾನದ ಕೆಳಗೆ ಕೂತವರು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋಗಿ ಉಂಡು ಬಂದರು. ಮೂರಕ್ಕೆ ಹೆಣಕ್ಕೆ ನೀರು ಹಾಕಿ, ಅರಿಶಿನ ಹಚ್ಚಿ, ಹೊಸ ಸೀರೆ ಹೊದಿಸಿ ಚಟ್ಟದ ಮೇಲೆ ಮಲಗಿಸಿದರು. ಹೂವು ಬಾಡತೊಡಗಿತು. ಚಂದ್ರಶೇಖರಯ್ಯನವರ ಫೋನು ಹೋಗುತ್ತಿರಲಿಲ್ಲ.

ನಾಲ್ಕು ದಾಟಿದ ಮೇಲೆ ಶ್ರೀರಾಮಪ್ಪ ಎದ್ದು, ತಾಯಿಗೆ ನೀರು ಹಾಕುವಾಗ ಒದ್ದೆಯಾದ ಪಂಚೆಯಲ್ಲೇ ರಸ್ತೆಗೆ ಹೋದ. ಬ್ಯಾರಿಕೇಡಿನ ಆಚೆ ತಮಟೆಯವರು ಬೆಳಗಿನಿಂದ ಒಂದೇ ಕಡೆ ನಿಂತು ಸುಸ್ತಾಗಿ ಕುಕ್ಕರಗಾಲಿನಲ್ಲಿ ಕೂತಿದ್ದರು. ತಲೆಗೆ ಪಕ್ಷದ ಬಣ್ಣದ ರುಮಾಲು ಕಟ್ಟಿದ್ದರು. ಏಳುಮಲೈ ಇವನನ್ನು ಕಂಡವನೇ ಓಡಿಬಂದ.

"ಅಣ್ಣಾ, ನಾವು ಬಂದ್ಬಿಡ್ತೀವಿ. ಅಮ್ಮಂಗೆ ಬಾರಿಸ್ದೆ ಇವರಿಗೇನ್ ಬಾರ್ಸೋದು? ಬೆಳಿಗ್ಗೆಯಿಂದ ಇದೇ ಹೇಳ್ತಿದೀನಿ ಎಲ್ಲಾರಿಗೂ."

ಗೌತಮಿ ಅಲ್ಲೇ ಇದ್ದಳು. ಬಿಸಿಲಿಗೆ ಅವಳ ಮುಖ ಕಪ್ಪಿಟ್ಟಿತ್ತು. "ಅಣ್ಣಾರ, ಸುದ್ದಿ ಗೊತ್ತಾತು. ನನಗ ಹೆಂಗ ಹೇಳಬೇಕೋ ತಿಳೀವಲ್ದು," ಎಂದಳು. "ಇವರು ಹೊರಗ ಹೋದ್ರ ಮತ್ತ ಒಳಗ ಬಿಡಾಂಗಿಲ್ಲ. ಟೀವಿಯವರು ಎಲ್ಲಾ ನಿಂತಾರ. ಗಾಡಿ ಮುಂದ ಖಾಲಿ ಆಗ್ತದ. ಅವರು ಏರ್‌ಪೋರ್ಟ್ ಬಿಟ್ಟಾರಂತ ಈಗ ಮೆಸೇಜ್ ಬಂತು. ಆದ್ರ ನೀವು ಕರಕೊಂಡು ಹೋಗ್ತೀನಿ ಅಂದ್ರ ನಾ ತಡ್ಯಾಂಗಿಲ್ಲ. ನಿಮ್ಮಮ್ಮಾರು."

ಅವಳು ನಿಜವಾಗಿಯೂ ಪಕ್ಕಕ್ಕೆ ಸರಿದು ನಿಂತಳು. ಏಳುಮಲೈ ತಮಟೆಯ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡ. ಶ್ರೀರಾಮಪ್ಪ ಬಿಸಿಲನ್ನು ನೋಡಿದ. ಇನ್ನೂ ಹೊತ್ತಿತ್ತು. ಈಗಲೇ ಹೊರಟಿದ್ದಾರೆಂದರೆ ಐದರೊಳಗೆ ಇಲ್ಲಿ ಮುಗಿಯುತ್ತದೆ. ಚಂದ್ರಣ್ಣ ಇಳಿಯುತ್ತಾರೆ, ರಸ್ತೆ ತೆರೆಯುತ್ತದೆ, ಕಲ್ಪಳ್ಳಿ ದೂರವೇನಲ್ಲ. ಆ ಖಾಲಿ ರಸ್ತೆಯಲ್ಲಿ, ತಮಟೆಯಿಲ್ಲದ ಗಾಡಿಯ ಮೇಲೆ ಚಂದ್ರಣ್ಣ ನಿಂತಿರುವುದು ಅವನ ಕಣ್ಣಿಗೆ ಬಂತು. ಎಣಿಕೆಯ ದಿನದ ಆ ಮುಖವೂ ಬಂತು.

"ಇರು," ಎಂದ ಏಳುಮಲೈಗೆ. "ಮುಗಿಸ್ಕೊಂಡೇ ಬಾ."

"ಅಣ್ಣಾ..."

"ಮುಗಿಸ್ಕೊಂಡೇ ಬಾ ಅಂದೆನಲ್ಲ."

ಗಾಡಿ ಮರ್ಫಿ ಟೌನಿನ ತಿರುವಿಗೆ ಬಂದದ್ದು ಬಿಸಿಲು ಕಟ್ಟಡಗಳ ತಲೆಗೆ ಏರಿದ ಮೇಲೆ. ಮುಂದೆ ಏಳುಮಲೈಯವರು ಮೆರವಣಿಗೆಯ ಏಟು ಹಾಕುತ್ತಾ ಕುಣಿಯುತ್ತಿದ್ದರು. ಬೆಳಗಿನಿಂದ ಸೊರಗಿ ಕೂತಿದ್ದವರ ಕೈಗೆ ಎಲ್ಲಿಂದಲೋ ಬಿರುಸು ಬಂದಿತ್ತು. ಜನ ಕಿರುಚುತ್ತಿದ್ದರು. ಅವರಲ್ಲಿ ಅರ್ಧ ಜನ ಬಸ್ಸುಗಳಲ್ಲಿ ಬೇರೆಲ್ಲಿಂದಲೋ ಬಂದವರು. ಹೂವಿನೆಸಳಿನ ರಾಶಿ ಮೇಲೆ ಕೆಳಗೆ ಹಾರುತ್ತಿತ್ತು. ಎತ್ತರದ ಗಾಡಿಯ ಮೇಲೆ ನಾಯಕರು ಎರಡೂ ಕಡೆಗೆ ಕೈಬೀಸುತ್ತಿದ್ದರು. ತಿರುವಿನಲ್ಲಿ ಗಾಡಿ ನಿಧಾನವಾದಾಗ ಮೈಕು ಹಿಡಿದು ಹಿಂದಿಯಲ್ಲಿ ದೇಶದ ಬಗ್ಗೆ, ಗಡಿಯ ಬಗ್ಗೆ, ಜಗತ್ತು ನಮ್ಮನ್ನು ಹೇಗೆ ನೋಡುತ್ತಿದೆ ಎಂಬ ಬಗ್ಗೆ ನಾಲ್ಕು ಮಾತಾಡಿದರು. ಜನ ಪ್ರತಿ ಮಾತಿಗೂ ಅವರ ಹೆಸರನ್ನೇ ಕೂಗಿದರು. ಕೊನೆಗೆ ಪಕ್ಕಕ್ಕೆ ಕೈಚಾಚಿ, ಹಿಂದೆ ನಿಂತಿದ್ದ ಚಂದ್ರಶೇಖರಯ್ಯನವರ ಮುಂಗೈ ಹಿಡಿದು ಮೇಲೆತ್ತಿದರು. ಅವರ ಹೆಸರು ಹೇಳಲಿಲ್ಲ. ಚಂದ್ರಶೇಖರಯ್ಯನವರ ತಲೆಯ ಮೇಲೆ ಪೇಟ ಕೂತಿತ್ತು. ಕೊರಳಿನ ಹಾರ ಗಲ್ಲದವರೆಗೆ ಬಂದಿತ್ತು.

ಆಗ ಅವರು ಶ್ರೀರಾಮಪ್ಪನನ್ನು ಕಂಡರು. ಗಲ್ಲಿಯ ಬಾಯಲ್ಲಿ ಅದೇ ಪಂಚೆಯಲ್ಲಿ ನಿಂತವನನ್ನು ಕಂಡು ಅವರ ಮುಖ ಬದಲಾಯಿತು. ಪಕ್ಕದವನ ಕಿವಿಯಲ್ಲಿ ಏನೋ ಹೇಳಿದರು. ಸಫಾರಿ ತೊಟ್ಟ ಆ ಮನುಷ್ಯ ಆಗದೆಂದು ತಲೆಯಾಡಿಸಿ ಅವರ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟ. ಚಂದ್ರಶೇಖರಯ್ಯನವರು ಗಲ್ಲಿಯ ಕಡೆಗೆ, ಶಾಮಿಯಾನ ಕಾಣುತ್ತಿದ್ದ ಕಡೆಗೆ ತಿರುಗಿ ಎರಡೂ ಕೈ ಜೋಡಿಸಿದರು. ಕೆಳಗಿದ್ದ ಜನ ತಮಗೇ ಕೈಮುಗಿದರೆಂದು ಇನ್ನೂ ಜೋರಾಗಿ ಕೂಗಿದರು. ಗಾಡಿ ಮುಂದೆ ಹೋಯಿತು.

ಗಾಡಿ ಅಲ್ಲಿಂದ ನಿಲ್ಲದೆ ಬೈಯಪ್ಪನಹಳ್ಳಿ ಕಡೆಗೆ, ಅಲ್ಲಿಂದ ಇನ್ನೊಂದು ಕ್ಷೇತ್ರದ ಸಭೆಗೆ ಹೋಯಿತು. ತಮಟೆಯವರನ್ನೂ ಬೈಯಪ್ಪನಹಳ್ಳಿಯವರೆಗೆ ನಡೆಸಿಕೊಂಡು ಹೋದರು. ಬ್ಯಾರಿಕೇಡು ತೆಗೆಯುವ ಹೊತ್ತಿಗೆ ಬೀದಿದೀಪಗಳು ಹತ್ತಿದ್ದವು.

"ಇನ್ನು ಆಗಲ್ಲ," ಎಂದಳು ಪಕ್ಕದ ಮನೆಯ ಮುದುಕಿ. ಶಾಮಿಯಾನದ ಕೆಳಗೆ ಯಾರೂ ಯಾರನ್ನೂ ನೋಡಲಿಲ್ಲ. ಮುನಿಯಲ್ಲಮ್ಮ ಆಗ ಮೊದಲ ಸಲ ಜೋರಾಗಿ ಅತ್ತಳು. ಅವಳಿಗೆ ಅತ್ತೆ ಹೋದ ದುಃಖದ ಜೊತೆ ಶನಿವಾರದ ಭಯವೂ ಸೇರಿತ್ತು. ಅವಳ ಮಗಳು ಹೊಸಕೋಟೆಯಲ್ಲಿ ಬಸುರಿ. ಅಮೀರ್ ಎದ್ದುಹೋಗಿ ಐಸ್ ಪೆಟ್ಟಿಗೆ ತರಿಸಿದ. ಚಟ್ಟದ ಮೇಲೆ ಮಲಗಿಸಿದವಳನ್ನು ಎತ್ತಿ ಪೆಟ್ಟಿಗೆಯೊಳಗೆ ಮಲಗಿಸಿದರು. ಶ್ರೀರಾಮಪ್ಪ ಕಾಲಿನ ಕಡೆ ಹಿಡಿದಿದ್ದ. ತಾಯಿ ಅಷ್ಟು ಹಗುರವಾಗಿದ್ದಾಳೆಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಬೆಳಿಗ್ಗೆ ಬಿಸಿಲೇರುವ ಮೊದಲೇ ಎಲ್ಲ ಸಿದ್ಧವಾಯಿತು. ಮಾಲೂರಿನವರು ಬಂದಿದ್ದರು. ಏಳುಮಲೈ ತನ್ನವರೊಂದಿಗೆ ಬಂದ. ಹಿಂದಿನ ದಿನ ಬಾರಿಸಿದ್ದಕ್ಕೆ ಅವನ ಬೆರಳುಗಳು ಒಡೆದಿದ್ದವು, ಬಟ್ಟೆ ಸುತ್ತಿಕೊಂಡಿದ್ದ. ತಮಟೆ ಕಾಯಿಸಲು ಬೀದಿಯಲ್ಲಿ ಕಾಗದದ ಬೆಂಕಿ ಹಾಕಿದ. ಉರಿಯುತ್ತಿದ್ದುದು ನಿನ್ನೆಯ ಕರಪತ್ರಗಳು. ಯಾರೋ ಒಂದು ಕೋಳಿಮರಿ ತಂದು ಚಟ್ಟದ ಕಾಲಿಗೆ ದಾರದಲ್ಲಿ ಕಟ್ಟಿದರು. ಅದು ಸ್ವಲ್ಪ ಹೊತ್ತು ಒದ್ದಾಡಿ ಸುಮ್ಮನಾಯಿತು.

ಆಗ ಫೋನು ಬಂತು. "ಶ್ರೀರಾಮ, ಹೊರಟಿದೀನಿ ಕಣೋ," ಎಂದರು ಚಂದ್ರಶೇಖರಯ್ಯನವರು. ದನಿ ಒಡೆದಿತ್ತು. "ರಾತ್ರಿ ಬಿಡ್ಲೇ ಇಲ್ಲ, ಗೆಲ್ಲೋ ಸೀಟು ಅಂತ ಕೂರಿಸ್ಕೊಂಡ್ರು. ಈಗಲೂ ಮನೆ ತುಂಬ ಜನ. ತಪ್ಪಿಸ್ಕೊಂಡು ಬರ್ತಿದೀನಿ. ಹತ್ತೇ ನಿಮಿಷ, ತಡೀತೀಯ?"

ಶ್ರೀರಾಮಪ್ಪ ಗಲ್ಲಿಯ ತುದಿಯವರೆಗೆ ನೋಡಿದ. ಚಟ್ಟದ ನಾಲ್ಕೂ ಕಡೆ ಹೆಗಲು ಕೊಡುವವರು ಬಾಗಿ ನಿಂತು ಅವನ ಮಾತಿಗೇ ಕಾಯುತ್ತಿದ್ದರು. ಫೋನು ಇಟ್ಟು, "ಎತ್ರಪ್ಪ," ಎಂದ.

ಅಮೀರ್ ಅವನನ್ನು ನೋಡಿದ. "ಅಣ್ಣ ಬರ್ತಾರಂತಾ?"

"ಬರ್ತಾರೆ. ಎತ್ತಿ."

ಚಟ್ಟದ ಮುಂದೆ ಅಂದು ಯಾರೂ ಕೈಮುಗಿದು ನಡೆಯಲಿಲ್ಲ. ಬೆಂಕಿಯ ಮಡಕೆ ಹಿಡಿದ ಶ್ರೀರಾಮಪ್ಪನೊಬ್ಬನೇ ಮುಂದಿದ್ದ. ತಮಟೆ ಸಾವಿನ ಏಟು ಹಾಕಿತು. ರಸ್ತೆ ತುಂಬ ನಿನ್ನೆಯ ಹೂವಿನೆಸಳು ತುಳಿತಕ್ಕೆ ಸಿಕ್ಕಿ ಕಪ್ಪಾಗಿತ್ತು. ಪೌರಕಾರ್ಮಿಕ ಹೆಂಗಸರು ಗುಡಿಸುವುದನ್ನು ನಿಲ್ಲಿಸಿ ಪಕ್ಕಕ್ಕೆ ಸರಿದು, ಪೊರಕೆ ಕೆಳಗಿಟ್ಟು ನಮಸ್ಕಾರ ಮಾಡಿದರು.

ಚಂದ್ರಶೇಖರಯ್ಯನವರು ಕಲ್ಪಳ್ಳಿಗೆ ಬಂದಾಗ ಗುಂಡಿ ಮುಚ್ಚಿ ಆಗಿತ್ತು. ಜೊತೆಗೆ ಬಂದಿದ್ದವರನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಒಬ್ಬರೇ ಒಳಗೆ ನಡೆದು ಬಂದರು. ಗುಡ್ಡೆಯ ಪಕ್ಕದಲ್ಲಿ ನಿಂತು, ಬಾಗಿ, ಒಂದು ಹಿಡಿ ಮಣ್ಣು ತೆಗೆದು ಅದರ ಮೇಲೇ ಹಾಕಿದರು. ಏಳುವಾಗ ಮಂಡಿ ಹಿಡಿದುಕೊಂಡರು. ಅಮೀರ್ ಕೈಕೊಟ್ಟ.

"ಮೇಲಿಂದ ನಿನ್ನ ನೋಡ್ದೆ," ಎಂದರು ಶ್ರೀರಾಮಪ್ಪನಿಗೆ. "ಇಳೀತೀನಿ ಅಂದೆ. ಅವರು ನಿಂತಿರೋವಾಗ ನಡುವೆ ಯಾರೂ ಇಳಿಯಂಗಿಲ್ವಂತೆ. ಏಣಿನೇ ಎತ್ತಿಟ್ಟಿದ್ರು."

"ಇರ್ಲಿ ಬಿಡಿ ಅಣ್ಣ."

"ಗೆಲ್ತೀವಿ ಅಂತಾವ್ರೆ ಎಲ್ಲಾರೂ. ಇಂದಿರಾನಗರ ಪೂರ್ತಿ ನಮ್ಮ ಕಡೆ ತಿರುಗಿದೆಯಂತೆ."

"ಒಳ್ಳೇದಾಯ್ತಲ್ಲ."

"ನನ್ನ ನೋಡಿ ತಿರುಗಿಲ್ಲ ಕಣೋ ಅವರು." ಅವರು ಗುಡ್ಡೆಯನ್ನೇ ನೋಡುತ್ತಿದ್ದರು. "ಗೆದ್ರೆ ಇನ್ಮೇಲೆ ಅವರು ಕರೆದ ಕಡೆ ಹೋಗ್ಬೇಕು. ಇಂಥ ದಿನ ಇಂಥ ಕಡೆ ಸಾವಾಗಿದೆ, ನಾನು ಬರಕ್ಕಾಗಲ್ಲ ಅಂತ ಅವರಿಗೆ ಹೇಳಕ್ಕಾಗುತ್ತಾ? ನಕ್ಕುಬಿಡ್ತಾರೆ."

ಬರಲಿ ಎಂದವನು ಶ್ರೀರಾಮಪ್ಪನೇ ಎಂಬುದು ಇಬ್ಬರಿಗೂ ನೆನಪಿತ್ತು. ಗೇಟಿನ ಹತ್ತಿರ ಕಾಯುತ್ತಿದ್ದವರಲ್ಲಿ ಒಬ್ಬ ಗಡಿಯಾರ ತೋರಿಸಿ ಕೈಸನ್ನೆ ಮಾಡಿದ. ಕಾರಿನಲ್ಲಿ ಬಾ ಎಂದು ಚಂದ್ರಶೇಖರಯ್ಯನವರು ಕರೆದರು. ಮಣ್ಣು ಮಾಡಿದವರು ನಡೆದೇ ಹೋಗಬೇಕು ಎಂದು ಶ್ರೀರಾಮಪ್ಪ ಹೇಳಿದ. ಅದು ಅವರಿಗೂ ಗೊತ್ತಿದ್ದುದೇ. ತಲೆಯಾಡಿಸಿ ಹೊರಟುಹೋದರು. ಕೊಳಾಯಿಯ ಹತ್ತಿರ ಕೈಕಾಲು ತೊಳೆಯುವುದನ್ನು ಅಂದು ಮರೆತರು.

ಬುಧವಾರ ಮತದಾನ. ಹಾಲು ತುಪ್ಪ ಬಿಟ್ಟು, ತಲೆ ಬೋಳಿಸಿಕೊಂಡಿದ್ದ ಶ್ರೀರಾಮಪ್ಪ ಶಾಲೆಯ ಗೇಟಿನಿಂದಾಚೆ ಎಂದಿನಂತೆ ಮೇಜು ಹಾಕಿಕೊಂಡು ಕೂತ. ಬೇಡ ಎಂದು ಮುನಿಯಲ್ಲಮ್ಮ ಹೇಳಿದ್ದಳು. ಆದರೆ ಮನೆಯಲ್ಲಿ ಕೂರಲು ಅವನಿಗೆ ಆಗಲಿಲ್ಲ. ಬೀದಿಯ ಜನ ಬಂದರು. ಹಿಂದೆಲ್ಲ ಅವರು ಓಟು ಹಾಕಿ ಹೊರಬಂದು, "ಹಾಕ್ಬಿಟ್ವಿ ಶ್ರೀರಾಮಣ್ಣ, ಚಂದ್ರಣ್ಣಂಗೆ ಹೇಳು," ಎಂದು ಬೆರಳು ತೋರಿಸುತ್ತಿದ್ದರು. ಈ ಸಲ ಅವನ ಬೋಳುತಲೆಯನ್ನು ನೋಡಿ, ಊಟ ಆಯ್ತಾ, ಮುನಿಯಲ್ಲಮ್ಮ ಹೆಂಗಿದಾಳೆ, ಮಗಳಿಗೆ ದಿನ ಯಾವಾಗ ಎಂದು ಕೇಳಿದರು. ಚಂದ್ರಣ್ಣನ ಮಾತು ಯಾರೂ ಎತ್ತಲಿಲ್ಲ. ಅವನೂ ಕೇಳಲಿಲ್ಲ.

ಮಧ್ಯಾಹ್ನ ಗೌತಮಿ ಫೋನು ಮಾಡಿದಳು. "ಅಣ್ಣಾರ, ಇಂದಿರಾನಗರದಾಗ ಭಾಳ ಛಲೋ ನಡದೈತಿ. ನಿಮ್ಮ ಮರ್ಫಿ ಟೌನ್ ಹೆಂಗೈತಿ?"

ಇಷ್ಟು ವರ್ಷದಲ್ಲಿ ಆ ಬೂತಿನ ಒಂದೊಂದು ಮನೆಯ ಓಟು ಎತ್ತ ಬಿದ್ದಿದೆ ಎಂದು ಸಂಜೆಯೊಳಗೆ ಹೇಳುತ್ತಿದ್ದವನು ಅವನು. ಸಾಲಿನಲ್ಲಿ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲ ಅವನ ಬೀದಿಯ ಮುಖಗಳೇ. ಅವನ ತಾಯಿಗೆ ಎರಡು ದಿನ ಕಾದು ಕೂತವರು.

"ಗೊತ್ತಾಗ್ತಿಲ್ಲಮ್ಮ," ಎಂದ ಶ್ರೀರಾಮಪ್ಪ.